ದಮ್ಮಿನವರು ಹತ್ತುವ ಮೆಟ್ಟಿಲು

ದಮ್ಮಿನ ರೋಗಿಗಳನ್ನು ನೋಡುವ ಡಾಕ್ಟರು ರಾಜಾಜಿನಗರದ ಕಾರ್ಮಿಕರ ಆಸ್ಪತ್ರೆಯಲ್ಲಿ ಮಹಡಿ ಮೇಲೆ ಕೂರುತ್ತಿದ್ದರು. ಫೌಂಡ್ರಿಯ ಮರಳುಧೂಳು ಕುಡಿದು ಎದೆ ಕೆಡಿಸಿಕೊಂಡಿದ್ದ ನಂಜಪ್ಪನನ್ನು ಕೆಳಗೆ ಕೂರಿಸಿ, ಕಾರ್ಮಿಕ ಸಂಘದ ಮುಖಂಡನಾದ ನಾನು ಜಗಳಕ್ಕೆಂದೇ ಮೊದಲು ಹತ್ತಿದೆ.

“ಉಸಿರಾಡೋಕೆ ಆಗದವರನ್ನ ಮಹಡಿ ಹತ್ತಿಸ್ತೀರಲ್ಲ ಸಾರ್, ನಾಚಿಕೆ ಆಗಲ್ವಾ?”

ಡಾಕ್ಟರು ಕಣ್ಣುಜ್ಜಿಕೊಂಡರು. “ಉಸಿರು ಅಳೆಯೋ ಮೆಷೀನ್ ಕೊಡಿ ಅಂತ ಕೇಳಿ ಕೇಳಿ ಸಾಕಾಯ್ತು ಕಣ್ರೀ. ನನಗಿರೋದು ಈ ಮೆಟ್ಟಿಲೊಂದೇ. ಹೆಸರು ಕೂಗಿದ ಮೇಲೆ ಹತ್ತಿ ಬರೋಕೆ ಎಷ್ಟು ಹೊತ್ತಾಗುತ್ತೆ ಅಂತ ನೋಡ್ತೀನಿ.”

ಕೂಗಿದರು. ನಂಜಪ್ಪ ತಕ್ಷಣ ಬಂದ.

“ನೋಡಿ, ಎಷ್ಟು ವಾಸಿಯಾಗಿದಾರೆ!” ಡಾಕ್ಟರ ಮುಖ ಅರಳಿತು. ಕೆಲಸಕ್ಕೆ ಹೋಗಬಹುದೆಂದು ಬರೆದುಕೊಟ್ಟರು.

ಇಳಿಯುವಾಗ ನಂಜಪ್ಪ ಗೋಡೆ ಹಿಡಿದು ನಿಂತ. “ಅವರು ಕೂಗೋಕೆ ಮೊದಲೇ ಹತ್ತಿ ಬಂದು, ಈ ತಿರುವಲ್ಲಿ ಕೂತು ದಣಿವಾರಿಸ್ಕೊಂಡಿದ್ದೆ ಅಣ್ಣ. ಆಗಲ್ಲ ಅಂತ ಬರೆದ್ರೆ ಕೆಲಸದಿಂದ ತೆಗೀತಾರೆ.”

ಡಾಕ್ಟರಿಗೆ ಹೇಳಲು ನಾನು ತಿರುಗಿದೆ. ಅವನು ನನ್ನ ಅಂಗಿ ಹಿಡಿದೆಳೆದ. “ನಿಮಗೆ ಕೈ ಮುಗೀತೀನಿ, ಮಕ್ಕಳಿದಾವೆ.”

ಮಾಲೀಕನ ವಿರುದ್ಧ ಕೂಗಿದ್ದೇನೆ, ಸರ್ಕಾರದ ವಿರುದ್ಧವೂ ಕೂಗಿದ್ದೇನೆ. ಅವತ್ತು ಯಾರ ವಿರುದ್ಧ ಕೂಗಬೇಕೋ ತಿಳಿಯದೆ, ಅವನ ಏದುಸಿರು ಇಳಿಯುವವರೆಗೂ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ನನ್ನನ್ನು ಸುಮ್ಮನಾಗಿಸಲು ಪೊಲೀಸರೂ ಅಷ್ಟು ಸುಲಭದ ದಾರಿ ಕಂಡುಕೊಂಡಿರಲಿಲ್ಲ.