ಒಡೆದ ಗಾಲಿಯ ಮೇಲೆ ನನ್ನ ಮೊಮ್ಮಗಳು ಬರುವುದಿಲ್ಲ

ನನಗೆ ಮೊಮ್ಮಗಳು ಹುಟ್ಟಿದಳು. ಮೂರನೆಯ ಇಯತ್ತೆವರೆಗೆ ಓದಿದವಳು ನಾನು. ಈ ಖುಷಿಯಲ್ಲಿ ಅಕ್ಷರ ಸೊಟ್ಟಗಾದರೆ ಆಗಲಿ.

ಐದನೆಯ ದಿನ ಹಿಮಾಯತ್‌ನಗರದ ಆಸ್ಪತ್ರೆಯಿಂದ ಮಗಳನ್ನೂ ಕೂಸನ್ನೂ ಲಿಂಗಂಪಲ್ಲಿಯ ನಮ್ಮ ಮನೆಗೆ ಬಾಣಂತನಕ್ಕೆ ಕರೆತರಬೇಕಿತ್ತು. ಅಳಿಯ ತಾನು ಬಾಡಿಗೆಗೆ ಓಡಿಸುವ ಕಾರು ತೊಳೆದು ತಂದಿದ್ದ. ಆದರೆ ಮಳೆಗಾಲದಲ್ಲಿ ಗುಂಡಿಗೆ ಬಿದ್ದಾಗಿನಿಂದ ಅದರ ಮುಂದಿನ ಎಡಗಾಲಿಯಲ್ಲಿ ಎರಡು ದಿನಕ್ಕೊಮ್ಮೆ ಗಾಳಿ ಇಳಿಯುತ್ತಿತ್ತು. ತುಂಬಿಸಿದರಾಯಿತು ಅಂತಿದ್ದ. ಗಾಲಿ ತೋರಿಸದೆ ಕೂಸು ಕಾರು ಹತ್ತುವುದಿಲ್ಲ ಎಂದೆ. ಮಗಳು ಸಿಡುಕಿದಳು. ಸಿಡುಕಲಿ.

ಹತ್ತಿರದ ಟೈರಿನ ಅಂಗಡಿಯವನು ಹೊರಗಿನಿಂದ ಸೋಪಿನ ನೀರು ಸುರಿದು, ಗುಳ್ಳೆ ಏಳಲಿಲ್ಲ, ಎಲ್ಲ ಸರಿಯಿದೆ ಎಂದು ಹಿಂದಿಯಲ್ಲಿ ಹೇಳಿದ. ನಾನು ಅವನ ಬೋಲ್ಟು ಬಿಚ್ಚುವ ಪಾನಾ ಇಸಿದುಕೊಂಡು ಗಾಲಿಗೆ ಬಡಿದೆ. ದಪ್ ಎಂದಿತು, ಅಷ್ಟೆ. ಅವನೂ ಅಳಿಯನೂ ನಕ್ಕರು.

"ಅತ್ತಿ, ಇದು ಇಟ್ಟಂಗಿ ಅಲ್ರಿ," ಎಂದ ಅಳಿಯ.

"ಇಟ್ಟಂಗಿ ಒಡದ್ರ ಒಂದು ಗ್ವಾಡಿ ಹೋಗತೈತ್ರಿ. ಇದು ಒಡದ್ರ?"

ಈ ಊರಿನ ಎಷ್ಟು ಮಹಡಿಗಳಿಗೆ ಇಟ್ಟಂಗಿ ಹೊತ್ತಿದ್ದೇನೋ ನಾನು. ಒಂದಕ್ಕೊಂದು ಬಡಿದು, ಟಣ್ ಎಂದರೆ ಗಟ್ಟಿ, ಕರ್ರ್ ಎಂದರೆ ಸೀಳಿದ್ದು ಎಂದು ಬೇರೆ ಮಾಡುತ್ತಿದ್ದೆವು. ನನ್ನ ತಪ್ಪು ಆಗ ಹೊಳೆಯಿತು. ಗೋಡೆಯಲ್ಲಿ ಕೂತ ಇಟ್ಟಂಗಿಯನ್ನು ಯಾರಾದರೂ ಬಡಿದು ನೋಡುತ್ತಾರೆಯೇ? ಟೈರು ಬಿಚ್ಚಿ ಬರೀ ಒಳಗಿನ ಲೋಹದ ರಿಮ್ಮು ಕೊಡು ಎಂದೆ. ಸುಮ್ಮನೆ ಹೊತ್ತು ಹೋಗುತ್ತದೆಂದು ಅಂಗಡಿಯವನು ಗೊಣಗಿದ. ಅಲ್ಲೇ ಇದ್ದ ಹಳೇ ಟೈರುಗಳ ಮೇಲೆ ಕೂತುಬಿಟ್ಟೆ. ಬಿಚ್ಚಿದ.

ರಿಮ್ಮನ್ನು ಸರಳಿಗೆ ತೂಗುಹಾಕಿಸಿ, ಪಕ್ಕದಲ್ಲಿ ಇನ್ನೊಂದು ಗಟ್ಟಿ ರಿಮ್ಮು ತೂಗುಹಾಕಿಸಿ ಬಡಿದೆ. ಅದು ಗುಡಿಯ ಗಂಟೆಯ ಹಾಗೆ ಹಾಡಿತು. ನಮ್ಮದು ಕೆಮ್ಮಿತು. ಒಳಬದಿಯ ಕೆಸರನ್ನು ಸೆರಗಿನಿಂದ ಒರೆಸಿದರೆ, ಬೆರಳುದ್ದದ ಬಿರುಕು, ಕೂದಲಿನಷ್ಟು ಸಣ್ಣದು. ಅಂಗಡಿಯವನು ಕನ್ನಡಕ ಹಾಕಿಕೊಂಡು ನೋಡಿ ತೋಬಾ ತೋಬಾ ಎಂದ.

ಆದರೂ ವೆಲ್ಡಿಂಗ್ ಮಾಡಿದರೆ ಸಾಕು ಎಂದ. ಬೇಡ ಎಂದೆ. ಥಳಥಳಿಸುವ ಅಗಲ ರಿಮ್ಮು ತಂದ. ಅಳಿಯನ ಕಣ್ಣು ಅದಕ್ಕೇ ಅಂಟಿತು. ಕಾರಿಗೆ ಇಟ್ಟು ನೋಡಿದರೆ ಬೋಲ್ಟಿನ ತೂತುಗಳೇನೋ ಕೂಡಿದವು, ನಡುವಿನ ದೊಡ್ಡ ತೂತು ಮಾತ್ರ ಸಡಿಲ. ಕೈಯಲ್ಲಿ ಅಲುಗಿಸಿ ತೋರಿಸಿದೆ. ನನಗೆ ಇಂಗ್ಲಿಷ್ ಬರುವುದಿಲ್ಲ, ಅಂಕಿ ಬರುತ್ತವೆ. ಹಳೇ ರಿಮ್ಮಿನ ಮೇಲೆ ಅಚ್ಚೊತ್ತಿದ ಒಂದೊಂದೇ ಅಂಕಿಗೆ ಬೆರಳಿಟ್ಟು, ಅದೇ ಅಂಕಿಗಳಿದ್ದ, ಧೂಳು ಹಿಡಿದ ಸಾದಾ ರಿಮ್ಮನ್ನು ಹುಡುಕಿ ತೆಗೆಸಿದೆ. ಅದನ್ನೂ ಬಡಿದೆ. ಹಾಡಿತು. ನಡುವಿನ ತೂತು ಬಿಗಿಯಾಗಿ ಕೂತಿತು. ಇನ್ನುಳಿದ ಮೂರು ಗಾಲಿಗಳನ್ನೂ ಬಿಚ್ಚಿಸಿ ಬಡಿದೆ, ಮೂರೂ ಹಾಡಿದವು. ಈಗ ಯಾರೂ ಗೊಣಗಲಿಲ್ಲ.

ಆಸ್ಪತ್ರೆಗೆ ಮರಳುವಾಗ ಮಧ್ಯಾಹ್ನ ಇಳಿದಿತ್ತು. ಮಗಳು ಕಾರು ಹತ್ತಿ ಕೂಸನ್ನು ನನ್ನ ತೊಡೆಗೆ ಕೊಟ್ಟಳು. ಅಯ್ಯೋ, ಎಷ್ಟು ಹಗುರ, ಎಷ್ಟು ಬಿಸಿ. ಅಳಿಯ ಇರುವೆಯಂತೆ ಕಾರು ಸರಿಸತೊಡಗಿದ. ಹಿಂದಿನವರೆಲ್ಲ ಹಾರ್ನ್ ಬಾರಿಸಿದರು.

"ಯಾಕ ಅಂಜತೀರಿ? ಗಾಲಿ ನಾ ನೋಡೀನಿ," ಎಂದೆ. "ಹೊಡೀರಿ."