ಖಂಡೆಪೂಜೆಗೆ ಕೂತ ಗಿಟಾರ್

ಭೀಮೇಶನ ಗಿಟಾರ್ ಕಂಡವರು ಮೊದಲು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಕೊಂಬಿನಂಥ ಎರಡು ಚೂಪು ತುದಿ, ನೇರಳೆ ಬಣ್ಣ, ಬೆರಳು ಓಡಲೆಂದೇ ತೆಳ್ಳಗೆ ಮಾಡಿದ ಕುತ್ತಿಗೆ. ಹೈದರಾಬಾದಿನಿಂದ ತಂದ ದಿನ ಸೈದಾಪುರದಲ್ಲಿ ರೈಲು ಇಳಿಯುವಾಗ ಅದನ್ನು ಹಸುಗೂಸಿನಂತೆ ಎದೆಗೆ ಅವಚಿಕೊಂಡಿದ್ದ. ವೇಗಕ್ಕೆಂದೇ ಹುಟ್ಟಿದ ವಾದ್ಯ ಅದು. ಬೆರಳು ತಾಗಿದರೆ ಸಾಕು, ಒತ್ತುವುದೇ ಬೇಡ, ಸ್ವರ ಹೊರಗೆ ಬಂದು ನಿಂತಿರುತ್ತದೆ. ಹಾಗಂತ ಸಾಧುವೇನಲ್ಲ. ಸಣ್ಣ ತಪ್ಪು ಮಾಡಿದರೂ ಊರಿಗೆಲ್ಲ ಸಾರುತ್ತದೆ. ಸ್ವರ ನಡುಗಿಸಲು ಸ್ಪ್ರಿಂಗಿನ ಕಡ್ಡಿಯೊಂದಿದೆ. ಅದರ ದೆಸೆಯಿಂದ ಒಂದು ತಂತಿ ಹರಿದರೆ ಉಳಿದ ಐದೂ ಮುನಿಸಿಕೊಂಡು ಶ್ರುತಿ ಬಿಡುತ್ತವೆ. ಬೇಸಿಗೆ ಬಂತೋ, ಕುತ್ತಿಗೆ ಬಾಗುತ್ತದೆ. ಇಷ್ಟೆಲ್ಲ ಕಾಡಿದರೂ ಈ ಹುಚ್ಚಪ್ಪನಿಗೆ ಅದರ ಮೇಲೇ ಜೀವ!

ತಿಂಥಣಿ ಕಡೆ ಕೃಷ್ಣೆಯ ದಂಡೆಯಲ್ಲಿ ಅವರದು ಮೀನು ಹಿಡಿಯುವ ಮನೆ. ತಂದೆ ಇಲ್ಲ. ತಾಯಿ ಮೌನಮ್ಮ ಸುರಪುರದಲ್ಲಿ ಮೀನು ಮಾರುತ್ತಾಳೆ. ಹಗಲು ಅವಳ ಜೊತೆ ಬಲೆ, ಬುಟ್ಟಿ. ಸಂಜೆ ಬಾಲರಾಜನ ಆರ್ಕೆಸ್ಟ್ರಾದಲ್ಲಿ ಗಿಟಾರ್, ಇದು ಭೀಮೇಶನ ಬಾಳು.

“ಆ ಕಟಗಿ ಕೆರಕೊಂತ ಕುಂತ್ರ ಹೊಟ್ಟಿ ತುಂಬತೈತೇನೋ?” ಎಂದು ಮೌನಮ್ಮ ದಿನಕ್ಕೊಮ್ಮೆಯಾದರೂ ಗದರದೆ ಬಿಡುವವಳಲ್ಲ.

ಮಹಾನವಮಿಯ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ಅವಳು ದೇವರ ಜಗಲಿಯ ಮುಂದೆ ಬಲೆ, ಹುಟ್ಟು, ತಕ್ಕಡಿ, ಮೀನು ಕೊಯ್ಯುವ ಇಳಿಗೆ ಸಾಲಾಗಿ ಇಡುತ್ತಿದ್ದಳು. ಗಿಟಾರ್ ಮಾತ್ರ ಗೋಡೆಯ ಗೂಟಕ್ಕೇ. “ಅನ್ನ ಹಾಕೋ ವಸ್ತು ಅಷ್ಟ ಪೂಜಿಗಿ” ಎನ್ನುತ್ತಿದ್ದಳು. ಭೀಮೇಶ ಮೇಲೆ ನಗುತ್ತಿದ್ದ, ಒಳಗೊಳಗೇ ಕುದಿಯುತ್ತಿದ್ದ. ಊರೆಲ್ಲ ಚಪ್ಪಾಳೆ ತಟ್ಟಿದರೇನು ಬಂತು, ಅವ್ವ ಒಂದು ಸಲ ಅದಕ್ಕೆ ಕುಂಕುಮ ಹಚ್ಚಬೇಕು ಎಂಬುದೇ ಅವನ ಆಸೆ.

ಈ ವರ್ಷ ಡ್ಯಾಮಿನಿಂದ ನೀರು ಬಿಡುತ್ತಲೇ ಇದ್ದರು. ಹೊಳೆಗೆ ಇಳಿಯುವಂತಿಲ್ಲ, ಬಲೆ ಮನೆಯಲ್ಲೇ ಒಣಗಿತು. ಗಣಪತಿ ಹಬ್ಬದ ಸ್ಟೇಜುಗಳೇ ಮನೆಗೆ ಜೋಳ, ಎಣ್ಣೆ ತಂದವು. ಮೌನಮ್ಮ ಎಲ್ಲ ನೋಡುತ್ತಿದ್ದಳು.

ಖಂಡೆಪೂಜೆಯ ದಿನ ಜಳಕ ಮುಗಿಸಿ ಬಂದ ಭೀಮೇಶ ಬಾಗಿಲಲ್ಲೇ ನಿಂತುಬಿಟ್ಟ. ಬಲೆಗೂ ತಕ್ಕಡಿಗೂ ನಡುವೆ ಗಿಟಾರ್ ಕೂತಿತ್ತು! ಕೊಂಬಿಗೆ ಚೆಂಡುಹೂವಿನ ಮಾಲೆ, ಮೈಗೆ ಅರಿಶಿನ, ಕುಂಕುಮ.

ಮರುಗಳಿಗೆಯೇ ನೆನಪಾಯಿತು. ಅಂದೇ ಸಂಜೆ ಶಹಾಪುರದಲ್ಲಿ ನವರಾತ್ರಿ ಕಾರ್ಯಕ್ರಮ. ಮೊದಲ ಸಲ ಅವನೊಬ್ಬನೇ ಸ್ಟೇಜಿನ ನಡುವೆ ನಿಂತು ಬಾರಿಸುವುದಿತ್ತು. ಅವ್ವ ಗೊಣಗುತ್ತಾಳೆಂದು ಹೇಳಿರಲಿಲ್ಲ. ಪೂಜೆಗೆ ಕೂತದ್ದನ್ನು ಮರುದಿನ ಬನ್ನಿ ಮುಡಿಯುವತನಕ ಮುಟ್ಟುವಂತಿಲ್ಲ. ಬೇರೆ ಗಿಟಾರಿನಲ್ಲಿ ಆ ಓಟ ಅವನ ಬೆರಳಿಗೆ ಬರುವುದೂ ಇಲ್ಲ.

ಅಂಗಳಕ್ಕೆ ಹೋಗಿ ಫೋನು ಹಚ್ಚಿದ. “ಬಾಲರಾಜಣ್ಣ, ಇವತ್ತ ನಾ ಬರಂಗಿಲ್ರಿ. ಅವ್ವ ಗಿಟಾರ್ ಪೂಜಿಗಿ ಇಟ್ಟಾಳ.”

ಆ ಕಡೆ ಬಾಲರಾಜ ಏನೇನೋ ಬೈದ. ಭೀಮೇಶ ಎಲ್ಲ ಕೇಳಿಸಿಕೊಂಡು ಫೋನು ಇಟ್ಟು ತಿರುಗಿದರೆ ಹಿಂದೆಯೇ ಮೌನಮ್ಮ, ಕೈಯಲ್ಲಿ ಹೋಳಿಗೆಯ ಹೂರಣ.

“ಮೊದ್ಲ ಯಾಕ ಹೇಳಲಿಲ್ಲೋ ನನಗ?”

“ಇರ್ಲಿ ಬಿಡವ್ವ. ನೀ ಇಟ್ಟಿ, ಅಷ್ಟ ಸಾಕು.”

“ಸಾಕಂತ, ಸಾಕು! ಬಾಯಿ ಮಾಡಬ್ಯಾಡ.”

ಕೈ ತೊಳೆದು ಬಂದು ಜಗಲಿಯ ಮುಂದೆ ಕೂತಳು. ಕರ್ಪೂರ ಹಚ್ಚಿ, ಗಿಟಾರಿಗಷ್ಟೇ ನೀರು ಚಿಮುಕಿಸಿ, ಕೂತಲ್ಲಿಂದ ಚೂರು ಸರಿಸಿ ಅದೊಂದರ ಪೂಜೆ ಕದಲಿಸಿ ಮುಗಿಸಿದಳು. ಬಲೆ, ತಕ್ಕಡಿ ಇದ್ದಲ್ಲೇ ಇದ್ದವು. “ತಪ್ಪಾಗಿದ್ರ ನನ್ನ ಮ್ಯಾಲ ಇರ್ಲಿ ತಾಯಿ” ಎಂದು ಕೈಮುಗಿದು, ಎರಡೂ ಕೈಯಲ್ಲಿ ಅದನ್ನು ಎತ್ತಿ ಮಗನ ಕೊರಳಿಗೆ ಹಾಕಿದಳು.

ಭೀಮೇಶ ಕಣ್ಣು ತುಂಬಿಕೊಂಡು ಅಲ್ಲೇ ನಿಂತಿದ್ದ. ದಿನಾ ಬೆಳಿಗ್ಗೆ ಮೀನಿನ ಬುಟ್ಟಿ ಹೊರಿಸುವಾಗ ಗದರುತ್ತಾಳಲ್ಲ, ಅದೇ ದನಿಯಲ್ಲಿ ಮೌನಮ್ಮ ಗದರಿದಳು:

“ಇನ್ನೂ ನಿಂತೀಯೇನೋ? ನಡಿ ಲಗೂನ, ಗಿರಾಕಿ ಕಾಯಾಕತ್ತಾರ!”