ಡಾಬ್ಸನ್ ತುಂಡಿನ ಜೆನೆಟ್

ಜೆನೆಟ್ ಹಾರ್ಲ್ ಬದುಕಿರುವವರೆಗೆ ಹೆಸಲ್ಡೆನ್‌ನಲ್ಲಿ ಯಾರೂ ಅವಳ ಹೆಬ್ಬಾತುಗಳಿಗೆ ಕಲ್ಲೆಸೆಯಲಿಲ್ಲ. ಹೆಬ್ಬಾತುಗಳ ಮೇಲಿನ ಮಮತೆಯಿಂದಲ್ಲ, ಅವಳ ಬಾಯಿಯ ಭಯದಿಂದ. ಆದರೆ ಆ ಬಾಯಿ ಹುಟ್ಟಿನಿಂದ ಬಂದದ್ದಲ್ಲ. ಮದುವೆಯಾದ ಹೊಸತರಲ್ಲಿ ಅವಳು ಬಾವಿಕಟ್ಟೆಯಲ್ಲೂ ತಗ್ಗಿದ ದನಿಯಲ್ಲೇ ಮಾತಾಡುತ್ತಿದ್ದಳಂತೆ. ಅವಳಿಗೆ ಬಾಯಿ ಬರಿಸಿದವನು ಟನ್‌ಸ್ಟೆಡ್ ದಣಿ.

ಅವಳಪ್ಪ ಡಾಬ್ಸನ್ ಸಾಯುವಾಗ ಅರ್ಧ ಎಕರೆ ಹುಲ್ಲುಗಾವಲನ್ನು ಅವಳಿಗೆ ಬಿಟ್ಟುಹೋಗಿದ್ದ. ದಣಿಯ ದೊಡ್ಡ ಹೊಲದ ನಟ್ಟನಡುವೆ ಆ ತುಂಡು. ಅದಕ್ಕೆ ಪತ್ರವಿರಲಿಲ್ಲ. ಪತ್ರ ಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ. ಪ್ರತಿ ವಸಂತದಲ್ಲಿ ಊರವರೆಲ್ಲ ಪಾದ್ರಿಯ ಹಿಂದೆ ಗಡಿ ನಡೆಯುತ್ತಿದ್ದರು. ಒಂದೊಂದು ಗಡಿಕಲ್ಲಿನ ಹತ್ತಿರ ನಿಂತು, ಯಾವ ನೆಲ ಯಾರದೆಂದು ಊರಿನ ಹಿರಿಯ ಕೂಗಿ ಹೇಳುತ್ತಿದ್ದ, ಮಿಕ್ಕವರು ಹೌದೆನ್ನುತ್ತಿದ್ದರು. ಅದೇ ಪತ್ರ, ಅದೇ ಮೊಹರು. ಹೆಸಲ್ಡೆನ್‌ನಲ್ಲಿ ಕೂಗುವವನು ಟನ್‌ಸ್ಟೆಡ್ ದಣಿ. ಮೂಲೆಯ ಬಿಳಿಕಲ್ಲಿನ ಮೇಲೆ ಕೋಲೂರಿ, “ಇಲ್ಲಿಂದ ಡಾಬ್ಸನ್ ತುಂಡು!” ಎಂದು ಅವನು ವರ್ಷ ವರ್ಷವೂ ಕೂಗಿದ್ದ.

ಜೆನೆಟ್‌ಳ ಕಾಲಕ್ಕೆ ಚರ್ಚಿನ ಗೋಡೆಗೆ ಎರಡು ಸಲ ಸುಣ್ಣ ಬಿತ್ತು. ಒಬ್ಬ ದೊರೆ ಸಂತರ ಚಿತ್ರ ಅಳಿಸಿ ಎಂದ. ಅವನ ಅಕ್ಕ ಪಟ್ಟಕ್ಕೆ ಬಂದು ಮತ್ತೆ ಬರೆಯಿರಿ ಎಂದಳು. ಆಮೇಲೆ ಎಲಿಜಬೆತ್ ರಾಣಿ ಬಂದು ಮತ್ತೆ ಅಳಿಸಿ ಎಂದಳು. ಜೆನೆಟ್‌ಳ ಗಂಡ ನಿನಿಯನ್ ಮನೆಗಳಿಗೆ ಹುಲ್ಲುಮಾಡು ಹೊದಿಸುವವನು; ಸುಣ್ಣ ಬಳಿಯಲು ಏಣಿ ಕೊಟ್ಟವನೂ ಅವನೇ, ಚಿತ್ರ ಬರೆಯಲು ಕೊಟ್ಟವನೂ ಅವನೇ. ದೇವರು ಯಾವ ಭಾಷೆಯಲ್ಲಿ ಪ್ರಾರ್ಥನೆ ಕೇಳುತ್ತಾನೆ ಎಂಬ ಚಿಂತೆ ಅವನಿಗಿರಲಿಲ್ಲ. ಚಳಿಗಾಲಕ್ಕೆ ಮೊದಲು ಯಾರ ಮಾಡು ಮುಗಿದಿಲ್ಲ ಎಂಬುದಷ್ಟೇ ಅವನ ಚಿಂತೆ.

ಎಲಿಜಬೆತ್ ಪಟ್ಟಕ್ಕೆ ಬಂದ ಹನ್ನೊಂದನೆಯ ವರ್ಷ, ನವೆಂಬರಿನಲ್ಲಿ ಉತ್ತರದ ಇಬ್ಬರು ದೊಡ್ಡ ಒಡೆಯರು ರಾಣಿಯ ಮೇಲೆ ಎದ್ದರು. ಡರ್ಹಮ್ ಪಟ್ಟಣ ಹಿಡಿದು, ರಾಣಿಯ ಹೊಸ ಪ್ರಾರ್ಥನೆ ಪುಸ್ತಕಗಳನ್ನು ಹರಿದು, ಪೋಪನ ಕಡೆಯ ಹಳೆಯ ಪೂಜೆ ಹಾಡಿಸಿದರು. ಮಾರನೆಯ ದಿನ ಟನ್‌ಸ್ಟೆಡ್ ಕುದುರೆಯ ಮೇಲೆ ನಿನಿಯನ್‌ನ ಬಾಗಿಲಿಗೆ ಬಂದ.

“ಹೊರಡೋ ನಿನಿಯನ್. ಹಳೇ ಧರ್ಮ ವಾಪಸ್ ತರೋಕೆ ಹೊರಟಿದ್ದೀವಿ.”

“ದಣೀ, ನಾನು ಹುಲ್ಲು ಹೊದಿಸೋನು. ಕತ್ತಿ ಹಿಡಿದೋನಲ್ಲ.”

“ಹುಲ್ಲಿಗೆ ಬೆಂಕಿ ಬಿದ್ರೆ ಏನಾಗುತ್ತೆ ಅಂತ ಹುಲ್ಲು ಹೊದಿಸೋನಿಗೆ ನಾನು ಹೇಳ್ಕೊಡ್ಬೇಕಾ?” ಎಂದ ದಣಿ, ಮನೆಯ ಮಾಡನ್ನೇ ನೋಡುತ್ತ.

ನಿನಿಯನ್ ಹೆಂಡತಿಯ ಮುಖ ನೋಡಿದ. “ಹೋಗಿ ಬಾ ಮಾರಾಯ,” ಎಂದಳು ಜೆನೆಟ್. “ಮನೆ ಉಳೀಲಿ.” ಈ ಮಾತಾಡಿದ್ದಕ್ಕೆ ಅವಳು ತನ್ನನ್ನು ತಾನು ಕೊನೆಯವರೆಗೂ ಕ್ಷಮಿಸಲಿಲ್ಲ.

ಊರಿನಿಂದ ಹನ್ನೊಂದು ಜನ ಹೋದರು. ಮೂರು ವಾರ ನೆಂದ ಬಟ್ಟೆಯಲ್ಲಿ ನಡೆದರು, ಹುರುಳಿಲ್ಲದ ಗಂಜಿ ಕುಡಿದರು, ಒಬ್ಬನ ಮೈಮೇಲೂ ಕೈಯೆತ್ತಲಿಲ್ಲ. ರಾಣಿಯ ದಂಡು ಬರುತ್ತಿದೆ ಎನ್ನುವಷ್ಟರಲ್ಲಿ ಆ ಇಬ್ಬರು ಒಡೆಯರು ಸ್ಕಾಟ್ಲೆಂಡಿಗೆ ಓಡಿಹೋದರು. ಟನ್‌ಸ್ಟೆಡ್ ಇನ್ನೂ ಚುರುಕು. ಅರ್ಧ ದಾರಿಯಲ್ಲೇ ಹೊಟ್ಟೆನೋವೆಂದು ತಿರುಗಿ ಬಂದು, ಗೆದ್ದೆತ್ತಿನ ಬಾಲ ಹಿಡಿದು, ರಾಣಿಯ ಅಧಿಕಾರಿಗೆ ತನ್ನ ಮನೆಯಲ್ಲೇ ಊಟ ಹಾಕಿ ಮಲಗಿಸಿಕೊಂಡ. ಉಂಡೂ ಹೋದ ಕೊಂಡೂ ಹೋದ ಎಂದರೆ ಇಂಥವನೇ.

ಜನವರಿಯಲ್ಲಿ ಅಪ್ಪಣೆ ಬಂತು: ಹೆಸಲ್ಡೆನ್‌ನಿಂದ ನಾಲ್ವರು ಗಲ್ಲಿಗೆ. ಯಾರೇನು ಮಾಡಿದರೆಂಬ ವಿಚಾರಣೆಯಿಲ್ಲ, ಬರೀ ಲೆಕ್ಕ. ಜಮೀನಿದ್ದವರನ್ನು ಮಾತ್ರ ಹಾಗೆ ನೇತುಹಾಕುವಂತಿರಲಿಲ್ಲ. ಅವರಿಗೆ ನ್ಯಾಯಾಲಯ, ವಿಚಾರಣೆ, ಕೈಕಾಲು ಹಿಡಿಯಲು ಪುರುಸೊತ್ತು. ಯಾಕೆಂದರೆ ತೀರ್ಪಾದರೆ ತಾನೇ ಅವರ ನೆಲ ರಾಣಿಗೆ ಸೇರುವುದು. ಏನೂ ಇಲ್ಲದವನಿಂದ ರಾಣಿಗೆ ಬರುವುದೇನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಟ್ಟಿಯಲ್ಲಿ ಮೂರನೆಯ ಹೆಸರು ನಿನಿಯನ್‌ನದು.

ಬಯಲಿನಲ್ಲಿ ಓಕ್ ಮರದ ಕೆಳಗೆ ಅಧಿಕಾರಿ ಪಟ್ಟಿ ಓದಿಸುತ್ತಿದ್ದಾಗ ಜೆನೆಟ್ ಜನರನ್ನು ನೂಕಿಕೊಂಡು ಮುಂದೆ ಬಂದಳು. ತಗ್ಗಿದ ದನಿಯ ಜೆನೆಟ್ ಅಂದೇ ಸತ್ತಳು.

“ಸ್ವಾಮೀ, ನನ್ನ ಗಂಡ ಸಣ್ಣ ದ್ರೋಹಿ ಅಲ್ಲ! ಜಮೀನಿರೋ ದ್ರೋಹಿ! ದೊಡ್ಡೋರ ಜೊತೆ ಡರ್ಹಮ್‌ಗೆ ಕರ್ಕೊಂಡೋಗಿ!”

ಯಾರೋ ಕಿಸಕ್ಕೆಂದರು. ಕೈಕಟ್ಟಿಸಿಕೊಂಡು ನಿಂತಿದ್ದ ನಿನಿಯನ್ ಕಣ್ಣು ಬಿಟ್ಟ. “ನಾನ್ಯಾವಾಗ ದೊಡ್ಡ ಮನುಷ್ಯ ಆದ್ನೇ?”

“ಬಾಯ್ಮುಚ್ಕೊಂಡು ಜಮೀನ್ದಾರ ಆಗು!” ಎಂದು ಅವನನ್ನು ಗದರಿ, ಅಧಿಕಾರಿಯ ಕಡೆ ತಿರುಗಿದಳು. “ಅರ್ಧ ಎಕರೆ ಸ್ವಾಮೀ. ನಮ್ಮಪ್ಪಂದು. ಹೆಂಡತಿ ನೆಲ ಗಂಡಂದೇ ಅಲ್ವಾ? ರಾಣಿಯಮ್ಮ ತಗೊಳ್ಳಲಿ, ಬೇಡ ಅನ್ನಲ್ಲ. ಇವನನ್ನ ವಿಚಾರಣೆ ಮಾಡಿ.”

“ಪತ್ರ ಎಲ್ಲಿದೆ?”

“ಪತ್ರ ಯಾಕೆ? ದಣೀನೇ ಇದ್ದಾರಲ್ಲ. ವರ್ಷಾ ವರ್ಷಾ ಕೂಗಿ ಹೇಳೋರು ಅವರೇ.”

ಎಲ್ಲರೂ ಟನ್‌ಸ್ಟೆಡ್‌ನನ್ನು ನೋಡಿದರು. ಒಂದು ಮಾತು. ಹೌದು ಅಂದಿದ್ದರೆ ಸಾಕಿತ್ತು. ಆದರೆ ಹೌದು ಅಂದರೆ ಅವನ ಹೊಲದ ನಡುವೆ ರಾಣಿಯ ಗೇಣಿದಾರ ಬಂದು ಕೂರುತ್ತಾನೆ. ಅಲ್ಲ ಅಂದರೆ ಅರ್ಧ ಎಕರೆ ಅವನದೇ. ಅವನು ಕೈಗವಸು ಸರಿಮಾಡಿಕೊಂಡ.

“ಅದು ನಮ್ಮ ತಾತನ ಕಾಲದಿಂದ ನಮ್ದೇ. ಪಾಪ, ಮೇಯಿಸ್ಕೊಳ್ಳಲಿ ಅಂತ ಬಿಟ್ಟಿದ್ದೆ.”

ಜೆನೆಟ್ ಊರವರ ಕಡೆ ತಿರುಗಿದಳು. ಆ ಬಿಳಿಕಲ್ಲಿನ ಹತ್ತಿರ ವರ್ಷ ವರ್ಷ ಹೌದೆಂದ ನಲವತ್ತು ಬಾಯಿಗಳು ಅಲ್ಲಿದ್ದವು. ಒಂದೂ ತೆರೆಯಲಿಲ್ಲ. ಮಧ್ಯಾಹ್ನದೊಳಗೆ ನಾಲ್ವರನ್ನೂ ಮುಗಿಸಿದರು.

ಅದಾದ ಮೇಲೆ ಟನ್‌ಸ್ಟೆಡ್ ರಾಣಿಯ ಕ್ಷಮೆ ಪಡೆದ, ಡಾಬ್ಸನ್ ತುಂಡನ್ನೂ ಸೇರಿಸಿ ಬೇಲಿ ಹಾಕಿದ. ಜೆನೆಟ್ ಪ್ರತಿ ಬೆಳಿಗ್ಗೆ ಆ ಬೇಲಿ ಮುರಿದು ಹೆಬ್ಬಾತುಗಳನ್ನು ಒಳಗೆ ಬಿಟ್ಟಳು. ಆಳುಗಳು ಓಡಿಸಲು ಬಂದರೆ, “ಕಳ್ಳನ ಹೊಲದಲ್ಲಿ ಮೇದ್ರೆ ಕಳ್ಳತನ ಏನೋ?” ಎಂದು ಊರಿಗೆಲ್ಲ ಕೇಳುವಂತೆ ಕೇಳಿದಳು. ಹೀಗೆ ಇಪ್ಪತ್ತೆರಡು ವರ್ಷ. ಬಿಟ್ಟುಬಿಡು ಜೆನೆಟ್, ಅದು ಧರ್ಮದ ಜಗಳ, ನಮ್ಮ ಕೈಲಿ ಏನಿತ್ತು ಎಂದು ಸಮಾಧಾನ ಹೇಳಿದವರಿಗೆ ಅವಳ ಉತ್ತರ ಒಂದೇ:

“ಧರ್ಮದ ಜಗಳ ಅಂತೆ! ನನ್ನ ಗಂಡನ ಹೆಸರು ಪೋಪನಿಗೂ ಗೊತ್ತಿಲ್ಲ, ರಾಣಿಗೂ ಗೊತ್ತಿಲ್ಲ. ಗೊತ್ತಿದ್ದು ಕೊಂದೋನು ಒಬ್ಬನೇ.”

ಇಪ್ಪತ್ಮೂರನೆಯ ವರ್ಷ ಟನ್‌ಸ್ಟೆಡ್ ಹಾಸಿಗೆ ಹಿಡಿದ. ಒಂದು ಬೆಳಿಗ್ಗೆ ಅವನ ಮಗಳು ಉರ್ಸುಲಾ ಒಬ್ಬಳೇ ಹುಲ್ಲುಗಾವಲಿಗೆ ಬಂದಳು, ಕೈಯಲ್ಲಿ ಮಡಿಸಿದ ಕಾಗದ.

“ಅಜ್ಜೀ, ಈ ಭೂಮಿ ನಿಮಗೆ ವಾಪಸ್ ಬರೆದಿದ್ದಾರೆ ಅಪ್ಪ. ತಗೊಳ್ಳಿ.”

“ಯಾಕಂತೆ ಇದ್ದಕ್ಕಿದ್ದ ಹಾಗೆ?”

ಉರ್ಸುಲಾ ಸುತ್ತ ನೋಡಿ ದನಿ ತಗ್ಗಿಸಿದಳು. “ಮನೇಲಿ ಹಳೇ ಧರ್ಮದ ಪಾದ್ರಿ ಒಬ್ಬರಿದ್ದಾರೆ. ಕದ್ದಿದ್ದನ್ನ ಹಿಂದಕ್ಕೆ ಕೊಡದೆ ಪಾಪ ಕ್ಷಮಿಸಲ್ಲ ಅಂತಾರೆ. ಅಪ್ಪ ನರಳ್ತಿದ್ದಾರೆ.” ಆಮೇಲೆ ಗಾಬರಿಯಿಂದ, “ಯಾರಿಗೂ ಹೇಳಬೇಡಿ. ಅಂಥ ಪಾದ್ರೀನ ಬಚ್ಚಿಟ್ಟಿದ್ದಕ್ಕೆ ರಾಣಿ ಕಡೆಯೋರು ನಮ್ಮನ್ನೆಲ್ಲ ಗಲ್ಲಿಗೆ ಹಾಕ್ತಾರೆ” ಎಂದಳು.

“ಹೆದರಬೇಡಿ ತಾಯಿ. ಹಗ್ಗಕ್ಕೆ ಜನ ಒಪ್ಪಿಸೋ ಕಸುಬು ನಿಮ್ಮನೇದು, ನಮ್ಮನೇದಲ್ಲ,” ಎಂದಳು ಜೆನೆಟ್. “ಆ ಬಿಳಿಕಲ್ಲಿನ ಹತ್ರ ನಿಂತು ಇದು ಯಾರ ನೆಲ ಅಂತ ಕೂಗಿ. ನಿಮ್ಮಪ್ಪ ಕೂಗ್ತಿದ್ರಲ್ಲ, ಹಾಗೆ.”

ಉರ್ಸುಲಾ ಕಲ್ಲಿನ ಹತ್ತಿರ ನಿಂತು ಏನೋ ಗೊಣಗಿದಳು.

“ಜೋರಾಗಿ.”

“ಇಲ್ಲಿಂದ ಡಾಬ್ಸನ್ ತುಂಡು.”

“ಇನ್ನೂ ಜೋರಾಗಿ!”

“ಇಲ್ಲಿಂದ ಡಾಬ್ಸನ್ ತುಂಡು!” ಉರ್ಸುಲಾಳ ದನಿ ಒಡೆಯಿತು. ಬಾಗಿಲುಗಳು ತೆರೆದವು, ಮುದುಕ ಮುದುಕಿಯರು ಹೊರಗೆ ಬಂದು ನಿಂತರು.

“ಕೇಳಿಸ್ತಾ?” ಜೆನೆಟ್ ಅವರ ಕಡೆ ಕೂಗಿದಳು. “ಅವತ್ತು ಕಿವುಡರಾಗಿದ್ರಲ್ಲ, ಇವತ್ತಾದ್ರೂ ಕೇಳಿಸ್ತಾ?”

ಉರ್ಸುಲಾ ಅಳುತ್ತಲೇ ಕಾಗದ ಚಾಚಿದಳು. “ಈಗಲಾದ್ರೂ ತಗೊಳ್ಳಿ ಅಜ್ಜೀ. ನೀವು ತಗೊಂಡ್ರೆ ಅವರು ನೆಮ್ಮದಿಯಾಗಿ ಹೋಗ್ತಾರೆ.”

ಜೆನೆಟ್ ಕಾಗದ ಮುಟ್ಟಲಿಲ್ಲ.

“ನೆಲ ನಂದೇ ಅಂತ ನೀವೇ ಕೂಗಿದ್ರಿ. ನಂದನ್ನ ನನಗೆ ಕೊಡೋಕೆ ನಿಮ್ಮಪ್ಪ ಯಾರು? ಕದ್ದಿದ್ದನ್ನ ಹಿಂದಕ್ಕೆ ಕೊಡಬೇಕು ಅಂದ್ರಲ್ಲ ಆ ಪಾದ್ರಿ, ಸರಿಯಾಗೇ ಹೇಳಿದ್ದಾರೆ. ಹೋಗಿ ಹೇಳಿ ನಿಮ್ಮಪ್ಪನಿಗೆ. ನಿನಿಯನ್‌ನ ಕಳಿಸಿಕೊಡಲಿ.”